ಅನಾರ್ಕಲಿಯ ಒಂದು ಮಾತಿಗೆ ಕನ್ನಡ ಹುಡುಕಿದ್ದು

ನಮ್ಮ ಊರಿನ ಚಿತ್ರಸಮಾಜದ ಪ್ರದರ್ಶನಕ್ಕಾಗಿ ‘ಮುಘಲ್-ಎ-ಆಜಮ್’ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯಲು ಒಪ್ಪಿಕೊಂಡಾಗ, ಕಷ್ಟವೆಲ್ಲ ಉರ್ದುವಿನಲ್ಲಿದೆ ಎಂದುಕೊಂಡಿದ್ದೆ. ಕೆ. ಆಸಿಫ್ ವರ್ಷಗಟ್ಟಲೆ ಹೆಣಗಿ 1960ರಲ್ಲಿ ತೆರೆಗೆ ತಂದ, ಮೂರು ಗಂಟೆಗೂ ಮೀರಿದ ಚಿತ್ರ ಅದು. ಸಂಭಾಷಣೆಗೇ ನಾಲ್ವರು ಬರಹಗಾರರು ದುಡಿದಿದ್ದಾರೆ. ಆದರೆ ನನ್ನನ್ನು ಕಾಡಿದ್ದು ಕನ್ನಡ.

ಮೊದಲ ಕರಡಿನಲ್ಲಿ ಅಕ್ಬರನ ಬಾಯಲ್ಲಿ ‘ರಾಜಾಜ್ಞೆ’, ‘ಸಿಂಹಾಸನ’, ‘ಸೈನ್ಯ’ ಎಂದೆಲ್ಲ ಬರೆದೆ. ಪೃಥ್ವಿರಾಜ್ ಕಪೂರರ ಆ ಗಂಭೀರ ಕಂಠದ ಕೆಳಗೆ ಈ ಸಾಲುಗಳು ಓಡುವಾಗ ಆಗ್ರಾದ ಬಾದಶಹ ಹಸ್ತಿನಾವತಿಯಿಂದ ಎದ್ದು ಬಂದಂತೆ ಕಾಣುತ್ತಿದ್ದ. ನನಗೆ ಉರ್ದು ಬಿಡಿಸಿ ಹೇಳುತ್ತಿದ್ದ ನಿವೃತ್ತ ಶಿಕ್ಷಕರು ಕರಡನ್ನು ಕೇಳಿ, “ದರ್ಬಾರಿನ ಮಾತು ನಿಮ್ಮ ತಹಸೀಲ್ದಾರ ಕಚೇರಿಯಲ್ಲೇ ಇದೆಯಲ್ಲ, ಯಾಕೆ ಅಷ್ಟು ದೂರ ಹೋಗುತ್ತೀರಿ?” ಎಂದರು. ನಿಜ. ಹುಕುಂ, ತಖ್ತು, ಫೌಜು, ಖಜಾನೆ, ಫರ್ಮಾನು, ಗುಲಾಮ ಎಲ್ಲವೂ ನಮ್ಮವೇ ಆಗಿ ಶತಮಾನಗಳು ಕಳೆದಿವೆ. ಅರ್ಧಕ್ಕರ್ಧ ಸಾಲುಗಳನ್ನು ಹೊಸದಾಗಿ ಬರೆದೆ. ಅಕ್ಬರ್ ತನ್ನನ್ನು ‘ಹಮ್’ ಎಂದುಕೊಂಡಲ್ಲೆಲ್ಲ ‘ನಾವು’ ಎಂದೇ ಇಟ್ಟೆ. ಕನ್ನಡದ ಅರಸರೂ ಹಾಗೆಯೇ ಮಾತನಾಡಿದವರು.

ಬಡೇ ಗುಲಾಮ್ ಅಲಿ ಖಾನರು ತಾನಸೇನನ ಪಾತ್ರಕ್ಕಾಗಿ ಹಾಡುವ ದೃಶ್ಯಕ್ಕೆ ನಾನು ಏನನ್ನೂ ಬರೆಯಲಿಲ್ಲ. ಅಲ್ಲಿ ಅಕ್ಬರನ ಮಗ ಸಲೀಮನಾಗಿ ದಿಲೀಪ್ ಕುಮಾರ್, ಅನಾರ್ಕಲಿಯಾಗಿ ಮಧುಬಾಲಾ ಮಾತಿಲ್ಲದೆ ಕುಳಿತಿದ್ದಾರೆ. ಆ ಮುಖಗಳಿಂದ ಪ್ರೇಕ್ಷಕರ ಕಣ್ಣನ್ನು ಕೆಳಗೆಳೆಯುವುದು ತಪ್ಪು ಎಂದು ನಾನು ಈಗಲೂ ನಂಬುತ್ತೇನೆ. ಶೀಶ್ ಮಹಲಿನ ಹಾಡಿನಲ್ಲಿ ಬೇರೆಯೇ ತೊಡಕು: ಕನ್ನಡಿಗಳ ಹೊಳಪಿನಲ್ಲಿ ಬಿಳಿ ಅಕ್ಷರ ಕಾಣುವುದಿಲ್ಲ. ಅಕ್ಷರದ ಸುತ್ತ ಕಪ್ಪು ಅಂಚು ಕೊಟ್ಟೆ. ಸಾಲುಗಳ ನಡುವೆ ಜಾಗವನ್ನೂ ಹೆಚ್ಚಿಸಬೇಕಾಯಿತು, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಅತಿ ಹೆಚ್ಚು ದಿನ ಹಿಡಿದದ್ದು ಒಂದೇ ಒಂದು ಮಾತು. ಸಲೀಮನನ್ನು ಪ್ರೀತಿಸಿದ್ದಕ್ಕೆ ಅಕ್ಬರನಿಂದ ಮರಣದಂಡನೆಗೆ ಗುರಿಯಾಗಿ, ಸಾಯುವ ಮುನ್ನ ಒಂದು ರಾತ್ರಿಯ ಮಟ್ಟಿಗೆ ರಾಣಿಯಾಗಲು ಅನುಮತಿ ಪಡೆದ ಅನಾರ್ಕಲಿ, ಬಾದಶಹನ ಲೆಕ್ಕವಿಲ್ಲದ ‘ಬಕ್ಷಿಶ್’ಗಳಿಗೆ ಬದಲಾಗಿ ಈ ‘ಕನೀಜ್’ ಅಕ್ಬರನಿಗೆ ತನ್ನ ‘ಖೂನ್ ಮಾಫ್’ ಮಾಡುತ್ತಾಳೆ ಎನ್ನುತ್ತಾಳೆ. ‘ಬಕ್ಷೀಸು’ ಕನ್ನಡದಲ್ಲಿದೆ, ಆದರೆ ಅದೀಗ ಹೋಟೆಲಿನ ಮೇಜಿನ ಮೇಲೆ ಬಿಡುವ ಚಿಲ್ಲರೆ. ಅದನ್ನು ಬಿಟ್ಟು ‘ಉಡುಗೊರೆ’ ಎಂದೆ. ‘ಕನೀಜ್’ಗೆ ‘ದಾಸಿ’ ಬರೆದರೆ ಭಕ್ತಿಯ ವಾಸನೆ ಬರುತ್ತದೆ. ಹಳೆಯ ‘ತೊತ್ತು’ ಸಿಕ್ಕಾಗ ಹಗುರಾಯಿತು. ಅದರಲ್ಲಿ ಅವಮಾನದ ನೋವು ಇನ್ನೂ ಆರಿಲ್ಲ.

ಉಳಿದದ್ದು ವಿಭಕ್ತಿ. ಆ ಮಾತಿನಲ್ಲಿ ಅವಳು ಬಾದಶಹನ ಪೂರ್ತಿ ಹೆಸರನ್ನು ಯಾವ ಗೌರವಪದವೂ ಇಲ್ಲದೆ ಹೇಳುತ್ತಾಳೆ. ಉರ್ದುವಿನ ‘ಕೋ’ ಪ್ರತ್ಯಯಕ್ಕೆ ಏಕವಚನ, ಬಹುವಚನಗಳ ಹಂಗಿಲ್ಲ. ಕನ್ನಡದಲ್ಲಿ ‘ಅಕ್ಬರನಿಗೆ’ ಅಥವಾ ‘ಅಕ್ಬರರಿಗೆ’, ಎರಡರಲ್ಲಿ ಒಂದನ್ನು ಆರಿಸಲೇಬೇಕು. “ತೊತ್ತಾದವಳು ಬಾದಶಹನ ಎದುರು ಏಕವಚನ ಆಡುವುದುಂಟೆ?” ಎಂದು ಶಿಕ್ಷಕರು ಪಟ್ಟು ಹಿಡಿದರು. ಇಬ್ಬರೂ ಆ ದೃಶ್ಯವನ್ನು ಮತ್ತೆ ಮತ್ತೆ ನೋಡಿದೆವು. ಆ ಕ್ಷಣದಲ್ಲಿ ಕೊಡುವವಳು ಅವಳು, ಪಡೆಯುವವನು ಅವನು. ಕೊನೆಗೆ ಅವರೇ, “ಏಕವಚನವೇ ಇರಲಿ” ಎಂದರು.

ಕನ್ನಡದ ವಾಕ್ಯದಲ್ಲೂ ಉರ್ದುವಿನಂತೆಯೇ ಕ್ರಿಯಾಪದ ಕೊನೆಗೆ ಬರುವುದರಿಂದ, ಕ್ಷಮೆಯ ಪದವನ್ನು ಮಧುಬಾಲಾ ಅದನ್ನು ನುಡಿಯುವ ತನಕ ಬಚ್ಚಿಡಲು ಸಾಧ್ಯವಾಯಿತು. ಮಾತನ್ನು ಮೂರು ತುಂಡು ಮಾಡಿದೆ. ಮೊದಲು ಉಡುಗೊರೆ, ಆಮೇಲೆ ಹೆಸರು, ಕೊನೆಗೆ ಒಂಟಿಯಾಗಿ ‘ತನ್ನ ಕೊಲೆಯನ್ನು ಮನ್ನಿಸುತ್ತಾಳೆ’. ಪ್ರದರ್ಶನದ ದಿನ ನನ್ನ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎರಡನೆಯ ತುಂಡನ್ನು ಪಿಸುದನಿಯಲ್ಲಿ ಓದಿದರು. ಮೂರನೆಯದನ್ನು ಓದಲಿಲ್ಲ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.