ತಳ್ಳುಗಾಡಿಗೆ ಸೋಲಾರ್ ಲೈಟು, ದಿನಕ್ಕ 20 ರೂಪಾಯಿ: ನನ್ನ ಅನುಭವ

"ಬಡವರನ್ನ ನಂಬಿ ಸೋಲಾರ್ ಬಿಸಿನೆಸ್ ಮಾಡಿದ್ರ ಮುಳುಗತಿ" ಅಂದಿದ್ದ ಡೀಲರ್ ಮೊನ್ನೆ ಫೋನ್ ಮಾಡಿ ನನ್ನ ಸೋಲಾರ್ ಲೈಟಿನ ಹತ್ತು ಬಾಕ್ಸ್ ಬೇಕು ಅಂದ್ರು. ಅದಕ್ಕ ಬರೀಲಿಕತ್ತೀನಿ.

ಹುಬ್ಬಳ್ಳಿಯೊಳಗ ನಮ್ಮ ಕಡೆ ಗಾಡಿಯವರು ಬ್ಯಾಟರಿ ಲೈಟ್ ಬಾಡಿಗಿಗೆ ತಗೋತಿದ್ರು, ರಾತ್ರಿಗೆ 20. ವರ್ಷಕ್ಕ 7 ಸಾವಿರ ಆತಲ್ಲ! ನನ್ನ ಕಿಟ್ ಬೀಳೋದು ಸುಮಾರು 3500: 20 ವ್ಯಾಟ್ ಪ್ಯಾನೆಲ್, 12 ವೋಲ್ಟ್ 6 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿ, ಚಾರ್ಜ್ ಹಿಡಿತದಾಗ ಇಡೋ ಕಂಟ್ರೋಲರ್, 9 ವ್ಯಾಟ್ ಡಿಸಿ ಬಲ್ಬ್. ಆದ್ರ ಒಮ್ಮೆಲೆ 3500 ಎಣಿಸೋ ಶಕ್ತಿ ಇದ್ದವ್ರು ಬಾಡಿಗಿ ಯಾಕ ಕೊಡ್ತಾರ? ಸ್ವಂತ ಮನಿ ಇದ್ದವ್ರಿಗೆ ಕೇಂದ್ರ ಸರ್ಕಾರದ ಮನಿ ಮ್ಯಾಲಿನ ಸೋಲಾರ್ ಯೋಜನೆ ಪಿಎಂ ಸೂರ್ಯ ಘರ್‌ನಾಗ 3 ಕಿಲೋವ್ಯಾಟಿಗೆ 78,000 ಸಬ್ಸಿಡಿ ಐತಿ, ಹಂಗಾಗಿ ಹೊಸಾ ಮಾಲು ಬರೋದೂ ಆ ಸೈಜಿಗೇ, ಗಾಡಿ ಸೈಜಿಗೆ ತಲಿ ಕೆಡಿಸ್ಕೊಳ್ಳೋರು ಬೆರಳೆಣಿಕಿ ಮಂದಿ.

ಮೊದಲು ನಗದಿಗೆ ಇಟ್ಟೆ, ಒಂದ ಹೋತು. ಆಮ್ಯಾಲ ತಿಂಗಳಿಗೆ 600ರ ಕಂತು ಮಾಡಿ 11 ಕಿಟ್ ಕೊಟ್ಟೆ, ಮೂರನೇ ತಿಂಗಳು ಕಟ್ಟಿದವ್ರು ನಾಲ್ಕೇ ಮಂದಿ, ಬಡ್ಡಿಗೆ ತಂದ ನನ್ನ 25 ಸಾವಿರ ಸಿಕ್ಕೊಂಡ್ಬಿಡ್ತು. ಅವ್ರು ಮೋಸದವ್ರಲ್ಲ. ಇವತ್ತಿನ ಗಲ್ಲಾ ನಾಳೆ ನಸುಕಿನ್ಯಾಗ ಎಪಿಎಂಸಿ ಕಾಯಿಪಲ್ಯಕ್ಕ ಹೋಗತೈತಿ, 600 ಒಂದ್ ಕಡೆ ಕೂಡೋದ ಇಲ್ಲ.

ಪ್ಯಾನೆಲ್ಲೂ ಸೋತ್ವು. ಗಾಡಿ ಇಡೀ ದಿನ ಗಿಡದ ನೆಳ್ಳಾಗ, ಬ್ಯಾಟರಿ ಅರ್ಧಾನೂ ತುಂಬ್ತಿರಲಿಲ್ಲ, ಒಂದು ಕಳುವಾತು. ಗಾಡಿ ಚಪ್ಪರದ ಮ್ಯಾಲ ಬಾಗೋ (ಫ್ಲೆಕ್ಸಿಬಲ್) ಪ್ಯಾನೆಲ್ ಅಂಟಿಸಿ ನೋಡಿದೆ, ಒಂದ್ ಬ್ಯಾಸಿಗಿಗೆ ಎದ್ದು ಬಂತು.

ಆಗ ಆರು ಪ್ಯಾನೆಲ್ ತಗದು ಹೂ ಮಾರೋ ಅಕ್ಕನ ತಗಡಿನ ಮನಿ ಮ್ಯಾಲ ಹಾಕಿದೆ. ಹಗಲು ಬ್ಯಾಟರಿ ಬಾಕ್ಸ್ ಅಲ್ಲೇ ಚಾರ್ಜ್, ಸಂಜಿ 5ಕ್ಕ ಗಾಡಿಯವ್ರು ಒಯ್ತಾರ, ರಾತ್ರಿ ಹತ್ತರ ಸುಮಾರಿಗೆ ತಿರುಗಿ ಕೊಡೋವಾಗ 20 ರೂಪಾಯಿ ಅಕ್ಕನ ಕೈಗೆ, ಬಾಕ್ಸಿಗೆ 2 ಅಕ್ಕಗ. ಏಳೆಂಟು ತಿಂಗಳಿಗೆ ಬಾಕ್ಸ್ ಅವ್ರದ, ಮುಂದ ಚಾರ್ಜಿಂಗಿಗೆ 5 ರೂಪಾಯಿ ಅಷ್ಟ. ಮಳಿಗೆ ವ್ಯಾಪಾರ ನಿಂತ ದಿನದ ಲೆಕ್ಕ ಹೆಂಗ ಹಿಡೀತೀನಿ, ಮೋಡ ಇದ್ರೂ ನನ್ನ ಬಾಕ್ಸ್ ಮೂರು ರಾತ್ರಿ ಹೆಂಗ ಎಳೀತಾವ, ಅದು ನನ್ನ ಕಡೆನ ಇರ್ಲಿ.

ಈಗ ಇಂಥಾ ಮನಿ ನಾಲ್ಕು, 40ರ ಹತ್ರ ಬಾಕ್ಸ್ ಓಡ್ತಾವ, ರೊಕ್ಕ ನಿಂತಿದ್ದು ಎರಡರದ್ದ. ಗಿರ್ಮಿಟ್ ಗಾಡಿಯವ್ರು ಮಿಕ್ಸಿನೂ ಓಡಿಸಿ ಕೊಡ್ರಿ ಅಂತ ಬೆನ್ನ ಹತ್ಯಾರ, ಈ ಬ್ಯಾಟರಿಗೆ ಅದು ಆಗಂಗಿಲ್ಲ, ದೊಡ್ಡ ಬಾಕ್ಸ್ ಒಂದು ಬಿಚ್ಚಿ ಕೂತೀನಿ.