ಲಂಡನ್ನಿನ ಪಾರ್ಕಿಗೆ ಹೊರಡುವ ಮೊದಲು ಕಾರಿನ ನಂಬರು ನೋಡಿ

ಈ ಮಳೆಗಾಲದಲ್ಲಿ ರಜೆಗೆಂದು ಮಡಿಕೇರಿಗೆ ಬಂದವನು ಮೂರು ಮನೆಗಳಲ್ಲಿ ಕಾಫಿ ಕುಡಿದೆ. ಮೂರೂ ಮನೆಯ ಮಕ್ಕಳು ಇಂಗ್ಲೆಂಡಿಗೆ ಹೊರಟವರು, ಇಲ್ಲವೇ ಈಗಷ್ಟೇ ಹೋಗಿ ಸೇರಿದವರು. ವೀಸಾ, ಬೆಚ್ಚನೆಯ ಕೋಟು, ಸಾರಿನ ಪುಡಿ ಇವೆಲ್ಲ ಅವರಿಗೇ ಗೊತ್ತು. ಭಾನುವಾರ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು, ಊರಿನಿಂದ ಅಪ್ಪ ಅಮ್ಮ ಬಂದರೆ ಏನು ತೋರಿಸುವುದು ಎಂದು ಅವರು ಕೇಳಿದರೆ, ನಾನು ಮೂರೂ ಕಡೆ ಮೊದಲು ಕೇಳಿದ್ದು ಒಂದೇ ಮಾತು: ಕೊಂಡಿರುವ ಕಾರು ಡೀಸೆಲ್ಲೋ ಪೆಟ್ರೋಲೋ, ಯಾವ ವರ್ಷದ್ದು? ಪಾರ್ಕಿನ ವಿಷಯಕ್ಕೂ ಕಾರಿಗೂ ಏನು ಸಂಬಂಧ ಎಂದು ಒಬ್ಬರು ಚಿಕ್ಕಮ್ಮ ಕೇಳಿದರು. ನನಗೆ ಅದು 540 ಪೌಂಡ್‌ನ ಸಂಬಂಧ.

ಲಂಡನ್ನಿನ ಪಾರ್ಕಿಗೆ ಟಿಕೆಟ್ ಇಲ್ಲ. ಹೈಡ್ ಪಾರ್ಕ್, ರೀಜೆಂಟ್ಸ್ ಪಾರ್ಕ್, ಗ್ರೀನಿಚ್, ರಿಚ್ಮಂಡ್ ಸೇರಿದಂತೆ ಎಂಟು ರಾಯಲ್ ಪಾರ್ಕ್‌ಗಳಿಗೂ ಪ್ರವೇಶ ಉಚಿತ. ಕ್ಯೂ ಗಾರ್ಡನ್ಸ್‌ಗೆ ಮಾತ್ರ ಟಿಕೆಟ್ ಬೇಕು. ಅದು ಪಾರ್ಕಲ್ಲ, ಸಸ್ಯೋದ್ಯಾನ. ಪಾರ್ಕಿನಲ್ಲಾದರೆ ಹುಲ್ಲಿನ ಮೇಲೆ ಕೂರಬಹುದು, ಮಲಗಬಹುದು, ಬುತ್ತಿ ಬಿಚ್ಚಿ ಊಟ ಮಾಡಬಹುದು. ಈ ಒಂದು ವಿಷಯದಲ್ಲಿ ಅವರ ವ್ಯವಸ್ಥೆಯೇ ಮೇಲು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮಲ್ಲಿ ಹುಲ್ಲು ಬೆಳೆಸಿ ಅದರ ಸುತ್ತ ಬೇಲಿ ಕಟ್ಟಿ, ಕಾಲಿಡಬೇಡಿ ಎಂದು ಫಲಕ ಹಾಕುತ್ತೇವೆ.

ಆದರೆ ಹಣ ಕೇಳುವ ವಿಷಯದಲ್ಲಿ ನಮ್ಮದೇ ಮೇಲು. ರಾಜಾಸೀಟ್‌ನಲ್ಲಿ ಒಳಗೆ ಹೋಗುವ ಮೊದಲೇ ಟಿಕೆಟ್ ಕೊಡುವವರು ಎದುರಿಗೇ ಕೂತಿರುತ್ತಾರೆ. ಎಷ್ಟು ಎಂದು ಕೇಳಿ, ಕೊಟ್ಟು, ಚೀಟಿ ಕಿಸೆಗೆ ಹಾಕಿಕೊಂಡರೆ ಮುಗಿಯಿತು. ಲಂಡನ್ನಿನ ರಸ್ತೆಯಲ್ಲಿ ನಿಮ್ಮನ್ನು ಯಾರೂ ಕೇಳುವುದಿಲ್ಲ. ಗೇಟಿಲ್ಲ, ಚೆಕ್‌ಪೋಸ್ಟ್ ಇಲ್ಲ. ಕಂಬದ ಮೇಲೆ ಒಂದು ಕ್ಯಾಮೆರಾ, ರಸ್ತೆ ಬದಿಯಲ್ಲಿ ಒಂದು ಹಸಿರು ಫಲಕ, ಅಷ್ಟೇ. ಅದರ ಮೇಲಿನ ULEZ ಎಂಬ ನಾಲ್ಕು ಅಕ್ಷರಗಳನ್ನು ಅಲ್ಲಿನವರು 'ಯೂಲೆಜ್' ಎನ್ನುತ್ತಾರೆ, ಅಂದರೆ ಅತಿ ಕಡಿಮೆ ಹೊಗೆಯ ವಲಯ. ಹೊಗೆ ಹೆಚ್ಚು ಉಗುಳುವ ಹಳೆಯ ವಾಹನಗಳಿಗೆ ದಂಡದಂತೆ ವಿಧಿಸುವ ದಿನದ ಶುಲ್ಕ ಅದು. 2019ರಲ್ಲಿ ನಗರದ ನಡುಭಾಗದಲ್ಲಿ ಶುರುವಾದದ್ದು 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲ ಬರೋಗಳಿಗೂ, ಅಂದರೆ ನಗರದ ಎಲ್ಲ ಆಡಳಿತ ವಿಭಾಗಗಳಿಗೂ, ಹಬ್ಬಿತು. ರಿಚ್ಮಂಡ್ ಪಾರ್ಕ್ ಕೂಡ ಅದರೊಳಗೇ ಬರುತ್ತದೆ.

ನಾನು ಆಗ ಇದ್ದದ್ದು ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್‌ನಲ್ಲಿ. ಹಳೆಯ ಡೀಸೆಲ್ ಕಾರು, 2012ರದ್ದು. ಕಡಿಮೆ ಬೆಲೆಗೆ ಸಿಕ್ಕಿತೆಂದು ಸಂತೋಷಪಟ್ಟಿದ್ದೆ. ಅಷ್ಟು ಕಡಿಮೆಗೆ ಏಕೆ ಸಿಕ್ಕಿತು ಎಂದು ಯೋಚಿಸಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಎರಡು ಭಾನುವಾರ ಮಕ್ಕಳಿಗೆ ಜಿಂಕೆ ತೋರಿಸಲು ರಿಚ್ಮಂಡಿಗೆ ಹೋಗಿ ಬಂದೆ. ಪಾರ್ಕಿನಲ್ಲಿ ಖರ್ಚಾದದ್ದು ಐಸ್‌ಕ್ರೀಮಿಗೆ ಮಾತ್ರ. ದಿನಕ್ಕೆ 12.50 ಪೌಂಡ್ ಕಟ್ಟಬೇಕಿತ್ತು, ಅದೂ ಓಡಿಸಿದ ದಿನದ ನಂತರದ ಮೂರನೆಯ ದಿನದ ಮಧ್ಯರಾತ್ರಿಯೊಳಗೆ. ಗೊತ್ತಿಲ್ಲದ್ದರಿಂದ ಕಟ್ಟಲಿಲ್ಲ. ಕಟ್ಟದಿದ್ದರೆ ದಿನಕ್ಕೆ 180 ಪೌಂಡ್ ದಂಡ. ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅರ್ಧ, 90. ಅಲ್ಲಿಗಾದರೂ ನಿಲ್ಲಬಹುದಿತ್ತು. ಆದರೆ ನೋಟಿಸು ಹೋಗುವುದು ಕಾರಿನ ನೋಂದಣಿ ಪುಸ್ತಕದಲ್ಲಿರುವ ವಿಳಾಸಕ್ಕೆ. ನಾನು ಅಷ್ಟರಲ್ಲಿ ಮನೆ ಬದಲಾಯಿಸಿದ್ದೆ, ಪುಸ್ತಕದಲ್ಲಿ ಹಳೆಯ ವಿಳಾಸವೇ ಇತ್ತು. ಹಳೆಯ ಮನೆಗೆ ಬಂದವರು ಒಂದು ದಿನ ಕರೆದು ಪತ್ರಗಳ ಕಟ್ಟು ಕೈಗಿಟ್ಟರು. ರಬ್ಬರ್ ಬ್ಯಾಂಡ್ ಬಿಡಿಸಿ ಅಡುಗೆಮನೆಯ ಮೇಜಿನ ಮೇಲೆ ತಾರೀಕಿನ ಪ್ರಕಾರ ಜೋಡಿಸಿದೆವು. ತಡವಾದದ್ದಕ್ಕೆ ದಂಡ ಏರಿ, ಕೊನೆಯ ಎರಡರಲ್ಲಿ ಮೊತ್ತ ತಲಾ 270 ಆಗಿತ್ತು. 25 ಪೌಂಡ್‌ನಲ್ಲಿ ಮುಗಿಯಬೇಕಿದ್ದದ್ದಕ್ಕೆ 540 ಕಟ್ಟಿದೆ. ಹೆಂಡತಿ ಏನೂ ಹೇಳಲಿಲ್ಲ, ಪತ್ರಗಳನ್ನು ಮಡಿಸಿ ಒಳಗಿಟ್ಟಳು.

ಕಳೆದ ವರ್ಷ ಗೋಣಿಕೊಪ್ಪದ ದಂಪತಿ, ಮೊನ್ನೆ ಕುಶಾಲನಗರದ ಹುಡುಗ, ಇಬ್ಬರೂ ಇದೇ ಗುಂಡಿಗೆ ಬಿದ್ದರು. ಅದಕ್ಕೇ ಬಿಡಿಸಿ ಬರೆಯುತ್ತೇನೆ. ಸಾಮಾನ್ಯವಾಗಿ 2015ರ ಸೆಪ್ಟೆಂಬರ್ ನಂತರ ನೋಂದಣಿಯಾದ ಡೀಸೆಲ್ ಕಾರಿಗೆ, 2006ರಿಂದ ಈಚೆಗಿನ ಪೆಟ್ರೋಲ್ ಕಾರಿಗೆ ಶುಲ್ಕ ಬರುವುದಿಲ್ಲ. ಆದರೂ ವರ್ಷವನ್ನು ನಂಬಿ ಕೂರಬೇಡಿ; ಕಾರು ಕೊಳ್ಳುವ ಮೊದಲೇ ನಗರದ ಸಾರಿಗೆ ಸಂಸ್ಥೆಯ ಜಾಲತಾಣದಲ್ಲಿ ಕಾರಿನ ನಂಬರು ಹಾಕಿ ನೋಡಿ, ಒಂದು ನಿಮಿಷದ ಕೆಲಸ. ಭಾನುವಾರ ರಿಯಾಯಿತಿ ಇರಬಹುದು ಎಂದುಕೊಳ್ಳಬೇಡಿ. ಕ್ರಿಸ್‌ಮಸ್ ದಿನ ಬಿಟ್ಟರೆ ವರ್ಷವಿಡೀ, ದಿನದ ಇಪ್ಪತ್ತನಾಲ್ಕು ಗಂಟೆಯೂ ಇದು ಜಾರಿಯಲ್ಲಿರುತ್ತದೆ. ದಿನದ ಲೆಕ್ಕ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಸ್ನೇಹಿತರ ಮನೆಯಲ್ಲಿ ಊಟ ಮುಗಿಸಿ ಹನ್ನೆರಡೂವರೆಗೆ ಹೊರಟರೆ ಎರಡು ದಿನದ ಶುಲ್ಕ. ನಡುನಗರದ ವಾಹನ ದಟ್ಟಣೆಯ ಶುಲ್ಕ ಬೇರೆಯೇ. ಒಂದನ್ನು ಕಟ್ಟಿದರೆ ಇನ್ನೊಂದು ತೀರುವುದಿಲ್ಲ. ಮನೆ ಬದಲಾಯಿಸಿದ ದಿನವೇ ನೋಂದಣಿ ಪುಸ್ತಕದ ವಿಳಾಸ ಬದಲಾಯಿಸಿ. ಅದಕ್ಕೆ ಶುಲ್ಕವಿಲ್ಲ. ಬದಲಾಯಿಸದಿರುವುದೇ ಅಪರಾಧ, ಅದಕ್ಕೆ 1,000 ಪೌಂಡ್‌ವರೆಗೆ ದಂಡ ಹಾಕಬಹುದು. ನೋಟಿಸು ಬಂದರೆ, ನಿಮ್ಮದು ತಪ್ಪೋ ಅವರದೋ, ಹದಿನಾಲ್ಕು ದಿನ ದಾಟುವವರೆಗೆ ಸುಮ್ಮನೆ ಇಟ್ಟುಕೊಳ್ಳಬೇಡಿ.

ಎಲ್ಲಕ್ಕಿಂತ ಒಳ್ಳೆಯದು ಕಾರು ಬಿಟ್ಟು ಹೋಗುವುದು. ರಿಚ್ಮಂಡ್ ಸ್ಟೇಷನ್‌ವರೆಗೆ ರೈಲು, ಅಲ್ಲಿಂದ 371 ನಂಬರಿನ ಬಸ್. ನಡೆಯುವ ಅಭ್ಯಾಸ ಇರುವ ಕೊಡಗಿನವರಿಗೆ ಬಸ್ಸೂ ಬೇಡ, ಗುಡ್ಡ ಹತ್ತಿಕೊಂಡು ಹೋಗಬಹುದು.

ಕಾರಿನಲ್ಲೇ ಹೋಗುವುದಾದರೆ ಇನ್ನೊಂದು ಎಚ್ಚರಿಕೆ. ರಿಚ್ಮಂಡ್ ಪಾರ್ಕಿನ ವಾಹನದ ಗೇಟುಗಳು ಕತ್ತಲಾಗುವಾಗ ಮುಚ್ಚುತ್ತವೆ, ಕತ್ತಲು ಅಲ್ಲಿ ತಿಂಗಳಿಗೊಂದು ಹೊತ್ತಿಗೆ ಬರುತ್ತದೆ. ನಮ್ಮಲ್ಲಿ ವರ್ಷವೆಲ್ಲ ಆರೂಮುಕ್ಕಾಲರ ಆಚೀಚೆ ಕತ್ತಲಾಗುತ್ತದೆ. ಲಂಡನ್ನಿನಲ್ಲಿ ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ನಾಲ್ಕಕ್ಕೂ ಮೊದಲೇ ಸೂರ್ಯ ಮುಳುಗುತ್ತಾನೆ. ಊಟ ಮಾಡಿ ನಿಧಾನಕ್ಕೆ ಹೊರಟವರಿಗೆ ಚಳಿಗಾಲದಲ್ಲಿ ಪಾರ್ಕೇ ಸಿಗುವುದಿಲ್ಲ. ಗೇಟಿನ ಬಳಿ ಆ ದಿನದ ಹೊತ್ತು ಬರೆದಿರುತ್ತಾರೆ, ಒಳಗೆ ಹೋಗುವಾಗಲೇ ಓದಿ.

ಆ ಪಾರ್ಕಿನಲ್ಲಿ ಸುಮಾರು 630 ಜಿಂಕೆಗಳಿವೆ, 1637ರಲ್ಲಿ ಒಂದನೇ ಚಾರ್ಲ್ಸ್ ದೊರೆ ಬೇಟೆಗೆಂದು ಗೋಡೆ ಕಟ್ಟಿಸಿದ ಕಾಡು ಅದು. ಬೇಲಿಯಿಲ್ಲದೆ ಓಡಾಡುತ್ತವೆ ಎಂದು ಸಾಕಿದ ಪ್ರಾಣಿಗಳೆಂದುಕೊಳ್ಳಬೇಡಿ. ಐವತ್ತು ಮೀಟರ್ ದೂರ ಇರಬೇಕು, ತಿನ್ನಲು ಏನೂ ಕೊಡಬಾರದು. ಸೆಪ್ಟೆಂಬರ್, ಅಕ್ಟೋಬರ್ ಗಂಡು ಜಿಂಕೆಗಳು ಕಾದಾಡುವ ಕಾಲ. ತೋಟಕ್ಕೆ ಆನೆ ಬಂದರೆ ಹೇಗೆ ನಿಲ್ಲಬೇಕೆಂದು ತಿಳಿದ ನಮ್ಮವರೇ ಅಲ್ಲಿ ಫೋಟೋಗೆಂದು ಕೊಂಬಿನ ಹತ್ತಿರಕ್ಕೆ ಮಕ್ಕಳನ್ನು ನಿಲ್ಲಿಸುವುದನ್ನು ಕಂಡಿದ್ದೇನೆ, ನನಗೆ ಸಿಟ್ಟು ಬಂದಿದೆ.

ಅಣಬೆಯ ವಿಷಯ ಕೊಡಗಿನವರಿಗೇ ಬರೆಯಬೇಕಾದದ್ದು. ಮೊದಲ ಗುಡುಗಿಗೆ ಹುತ್ತದ ಬಳಿ ಬಿಳಿ ತಲೆ ಕಂಡರೆ ನಮ್ಮ ಕೈ ತಾನಾಗಿ ಹೋಗುತ್ತದೆ. ಅಲ್ಲಿ ಶರತ್ಕಾಲದಲ್ಲಿ ಓಕ್ ಮರದಡಿ ಬುಟ್ಟಿ ತುಂಬುವಷ್ಟು ಏಳುತ್ತವೆ. ರಾಯಲ್ ಪಾರ್ಕ್‌ಗಳಲ್ಲೂ ಲಂಡನ್ನಿನ ಅಂಚಿನ ಎಪ್ಪಿಂಗ್ ಕಾಡಿನಲ್ಲೂ ಅದನ್ನು ಕೀಳುವುದು ಕಾನೂನಿಗೆ ವಿರುದ್ಧ. ನೆಲಕ್ಕೆ ಬಿದ್ದ ಚೆಸ್ಟ್‌ನಟ್ ಕೂಡ ಜಿಂಕೆಯ ಪಾಲು, ಆಯಬಾರದು. ಅದಕ್ಕಿಂತ ಮುಖ್ಯ, ಅಲ್ಲಿನ ಕಾಡುಗಳಲ್ಲಿ ಡೆತ್ ಕ್ಯಾಪ್ ಎಂಬ ವಿಷದ ಅಣಬೆ ಇದೆ, ಅದರಿಂದ ಯಕೃತ್ತು ಕೆಟ್ಟು ಜನ ಸತ್ತಿದ್ದಾರೆ. ಇಲ್ಲಿ ಅಜ್ಜಿ ಕಲಿಸಿದ ಗುರುತು ಅಲ್ಲಿ ನಡೆಯುವುದಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಬಿಸಾಡುವ ಬಾರ್ಬೆಕ್ಯೂ ತಟ್ಟೆ ಸಿಗುತ್ತದೆ ಎಂದು ಪಾರ್ಕಿಗೆ ಒಯ್ಯಬೇಡಿ, ರಾಯಲ್ ಪಾರ್ಕ್‌ಗಳಲ್ಲಿ ಬೆಂಕಿ ಹಚ್ಚುವಂತಿಲ್ಲ.

ಊರಿನಿಂದ ಹಿರಿಯರು ಬರುವುದಾದರೆ ಏಪ್ರಿಲ್ ಕೊನೆಗೆ ಬರಲಿ. ರಿಚ್ಮಂಡ್ ಪಾರ್ಕಿನೊಳಗೆ ಇಸಬೆಲಾ ಪ್ಲಾಂಟೇಷನ್ ಎಂಬ ತೋಪು ಇದೆ, ಆಗ ಅಲ್ಲಿ ಅಝೇಲಿಯಾ ಹೂವುಗಳು ತೊರೆಯ ಎರಡೂ ದಡ ಮುಚ್ಚಿರುತ್ತವೆ. ಪ್ಲಾಂಟೇಷನ್ ಎಂದ ಕೂಡಲೇ ನನ್ನ ಅಪ್ಪ ಕಾಫಿ ಗಿಡ ಹುಡುಕಿದರು. ಇಲ್ಲವೆಂದು ತಿಳಿದ ಮೇಲೆ ತೊರೆಯ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬೇರಿನ ಬುಡದ ಕಪ್ಪು ಮಣ್ಣನ್ನು ಎರಡು ಬೆರಳಲ್ಲಿ ತಿಕ್ಕಿ ಮೂಸಿ ನೋಡಿದರು. "ಎಲೆಗೊಬ್ಬರ ಚೆನ್ನಾಗಿ ಕೊಳೆತಿದೆ" ಎಂದು ಹೇಳಿ ಅಲ್ಲೇ ಇನ್ನೂ ಸ್ವಲ್ಪ ಹೊತ್ತು ಕೂತರು. ಆ ದಿನ ನಾವು ರೈಲಿನಲ್ಲಿ ಹೋಗಿದ್ದೆವು.