ಡೀಸೆಲ್ ಗಾಡಿಗೆ ಯಾವ ಆಯಿಲ್? ಡಬ್ಬ ತಿರುಗಿಸಿ ಓದಿ

‘ಬೊಲೆರೊಗೆ ಒಂದು ಒಳ್ಳೆ ಆಯಿಲ್ ಕೊಡಿ’ ಅಂತ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಒಂದು 15ಡಬ್ಲ್ಯು-40 ಡಬ್ಬ ಕೈಗೆ ಬರುತ್ತದೆ. ಹಳೆ ಗಾಡಿಗೆ ಅದು ಸರಿಯಾಗಿಯೇ ಇರಬಹುದು. ಬಿಎಸ್6 (ಹೊಗೆ ಮಾಲಿನ್ಯಕ್ಕೆ ಬಿಗಿಯಾದ ಮಿತಿ ಇರುವ ಹೊಸ ನಿಯಮ) ಗಾಡಿಗೆ ಮಾತ್ರ ಕಣ್ಣು ಮುಚ್ಚಿ ಸುರಿಯುವ ಹಾಗಿಲ್ಲ. ಸರ್ವೋ, ಮ್ಯಾಕ್, ಕ್ಯಾಸ್ಟ್ರಾಲ್, ಶೆಲ್, ಯಾವ ಹೆಸರಾದರೂ ಇರಲಿ, ಮೊದಲು ಹಿಂಭಾಗದ ಸಣ್ಣ ಅಕ್ಷರ ನೋಡಬೇಕು.

ಅದಕ್ಕೂ ಮೊದಲು ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಬಿದ್ದಿರುವ ಮ್ಯಾನುವಲ್ ತೆಗೆಯಿರಿ. ಎಂಜಿನ್ ಆಯಿಲ್ ಬಗ್ಗೆ ಇರುವ ಪುಟದಲ್ಲಿ ಮೂರು ವಿಷಯ ಸಿಗುತ್ತವೆ: ಗ್ರೇಡ್, ಸ್ಟ್ಯಾಂಡರ್ಡ್, ಫಿಲ್ಟರ್ ಸೇರಿ ಎಷ್ಟು ಲೀಟರ್ ಬೇಕು ಅನ್ನೋದು. ಪುಟದ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಮ್ಯಾನುವಲ್ ಕಳೆದುಹೋಗಿದ್ದರೆ ಹೆಚ್ಚಿನ ಕಂಪನಿಗಳ ವೆಬ್‌ಸೈಟ್‌ನಲ್ಲೇ ಸಿಗುತ್ತದೆ, ಆದರೆ ವರ್ಷ ಸರಿಯಾಗಿ ನೋಡಿ. ಹೆಸರು ಒಂದೇ ಇದ್ದರೂ ಬಿಎಸ್4 ಗಾಡಿಯ ಆಯಿಲ್ ಬೇರೆ, ಬಿಎಸ್6 ಗಾಡಿಯದು ಬೇರೆ ಇರುತ್ತದೆ. 2020ರ ಏಪ್ರಿಲ್ 1ರಿಂದ ಮಾರಾಟವಾದವು ಬಿಎಸ್6.

ಈಗ ಗ್ರೇಡ್. 5ಡಬ್ಲ್ಯು-30 ಅಂದರೆ, ಡಬ್ಲ್ಯು ಹಿಂದಿನ ಅಂಕಿ ಚಳಿಗೆ, ಮುಂದಿನದು ಎಂಜಿನ್ ಬಿಸಿಯಾದ ಮೇಲೆ, 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಇರುತ್ತದೆ ಅನ್ನೋದಕ್ಕೆ. 15ಡಬ್ಲ್ಯು ಆಯಿಲನ್ನು ಮೈನಸ್ 20 ಡಿಗ್ರಿಯಲ್ಲಿ ಪರೀಕ್ಷೆ ಮಾಡಿರುತ್ತಾರೆ, 5ಡಬ್ಲ್ಯು ಅನ್ನು ಮೈನಸ್ 30ರಲ್ಲಿ. ಹಾಗಾಗಿ ಬೀದರ್ ಚಳಿಗೆ ಎರಡೂ ಸ್ಟಾರ್ಟ್ ಆಗುತ್ತವೆ, ಆ ಚಿಂತೆ ಬೇಡ. ವ್ಯತ್ಯಾಸ ಇರುವುದು ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ. ತೆಳು ಆಯಿಲ್ ಟರ್ಬೊವರೆಗೆ, ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಭಾಗದವರೆಗೆ, ಬೇಗ ತಲುಪುತ್ತದೆ.

‘ನಮ್ಮ ಕಲಬುರಗಿ ಬಿಸಿಲಿಗೆ ಇನ್ನೂ ಗಟ್ಟಿ ಆಯಿಲ್ ಹಾಕಿಸಿ ಸಾರ್’ ಅನ್ನುವವರು ಸಿಗುತ್ತಾರೆ. ಹೊರಗೆ 42 ಡಿಗ್ರಿ ಇದ್ದರೂ 20 ಇದ್ದರೂ ಥರ್ಮೋಸ್ಟಾಟ್ ಎಂಜಿನ್ನನ್ನು ಹೆಚ್ಚು ಕಡಿಮೆ ಅದೇ ಬಿಸಿಯಲ್ಲಿ ಇಡುತ್ತದೆ, ಅಲ್ವಾ? ಮ್ಯಾನುವಲ್‌ನಲ್ಲಿ ಎರಡು ಗ್ರೇಡ್ ಕೊಟ್ಟಿದ್ದು, ನೀವು ಸದಾ ಲೋಡ್ ಹಾಕಿ ಶಿರಾಡಿ, ಚಾರ್ಮಾಡಿ ಹತ್ತುವವರಾದರೆ ಗಟ್ಟಿಯದನ್ನು ಆರಿಸಿ. ಒಂದೇ ಕೊಟ್ಟಿದ್ದರೆ ಅಷ್ಟೇ, ಸುಮ್ನೆ ಜಾಣತನ ಬೇಡ.

ಆಮೇಲೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಸ್ಟ್ಯಾಂಡರ್ಡ್‌ನ ಅಕ್ಷರಗಳು. ಎಸ್‌ನಿಂದ ಶುರುವಾದರೆ ಪೆಟ್ರೋಲ್, ಸಿಯಿಂದ ಶುರುವಾದರೆ ಡೀಸೆಲ್. ಸಿಎಚ್-4 ಬಂದಿದ್ದು 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರ ಕೊನೆಗೆ. ಇಲ್ಲಿ ಎಡವುವ ಜಾಗ ಒಂದಿದೆ. ಕೆಲವು ಪೆಟ್ರೋಲ್ ಆಯಿಲ್ ಡಬ್ಬದ ಮೇಲೆ ‘ಎಸ್ಎನ್/ಸಿಎಫ್’ ಅಂತ ಇರುತ್ತದೆ. ಸಿ ಅಕ್ಷರ ಕಂಡ ಕೂಡಲೇ ‘ಡೀಸೆಲ್‌ಗೂ ಆಗುತ್ತೆ’ ಅಂದುಬಿಡುತ್ತಾರೆ. ಆದರೆ ಸಿಎಫ್ 1994ರ ಕಾಲದ್ದು. ಇವತ್ತಿನ ಕಾಮನ್ ರೇಲ್ (ಭಾರೀ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ) ಟರ್ಬೊ ಡೀಸೆಲ್‌ಗೆ ಆ ಎರಡು ಅಕ್ಷರ ಸಾಲುವುದಿಲ್ಲ. ಎಫ್ಎ-4 ಅಂತ ಕಂಡರೂ ಮ್ಯಾನುವಲ್‌ನಲ್ಲಿ ಹೇಳದೆ ಹಾಕಬೇಡಿ, ಅದು ಕೆಲವೇ ಹೊಸ ಟ್ರಕ್ ಎಂಜಿನ್‌ಗಳಿಗೆ ಮಾಡಿದ ತೆಳು ಆಯಿಲ್.

ಬಿಎಸ್6 ಗಾಡಿಯವರು ಈ ಭಾಗವನ್ನು ನಿಧಾನವಾಗಿ ಓದಿ. ನಿಮ್ಮ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಂಡು, ಆಗಾಗ 600 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ತಾನೇ ಸುಟ್ಟುಹಾಕುತ್ತದೆ. ಇದಕ್ಕೆ ರೀಜನರೇಶನ್ ಅನ್ನುತ್ತಾರೆ. ಎಂಜಿನ್ ಒಳಗೆ ಸ್ವಲ್ಪ ಸ್ವಲ್ಪ ಉರಿಯುವ ಆಯಿಲ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವಿನಂಥ ಲೋಹದ ಅಂಶ ಇರುತ್ತದೆ. ಅದು ಬೂದಿಯಾಗುತ್ತದೆ. ಒಲೆಯಲ್ಲಿ ಸೌದೆ ಪೂರ್ತಿ ಉರಿದರೂ ಬೂದಿ ಉಳಿಯುವ ಹಾಗೆ, ಡಿಪಿಎಫ್‌ನಲ್ಲಿ ಮಸಿ ಹೋದರೂ ಬೂದಿ ಹೋಗುವುದಿಲ್ಲ, ತುಂಬುತ್ತಾ ಹೋಗಿ ಪಿಕಪ್ ಕಡಿಮೆಯಾಗಿ ಕೊನೆಗೆ ಫಿಲ್ಟರನ್ನೇ ಬಿಚ್ಚಿ ಕ್ಲೀನ್ ಮಾಡಿಸುವ ಅಥವಾ ಬದಲಿಸುವ ಖರ್ಚಿಗೆ ತಂದು ನಿಲ್ಲಿಸುತ್ತದೆ. ಅದಕ್ಕೇ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಡಬ್ಬದ ಮೇಲೆ ಲೋ ಸ್ಯಾಪ್ಸ್ (ಬೂದಿ ಕಡಿಮೆ), ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಸಿ2, ಸಿ3 ಅಥವಾ ಎಪಿಐ ಸಿಕೆ-4 ಅಂತ ಇರುತ್ತದೆ. ಸಿ3ಯಲ್ಲಿ ಬೂದಿಯ ಮಿತಿ 0.8 ಶೇಕಡ, ಸಿಕೆ-4ರಲ್ಲಿ 1. ಇವುಗಳಲ್ಲಿ ನಿಮ್ಮ ಗಾಡಿಗೆ ಯಾವುದು ಅನ್ನೋದನ್ನು ಮ್ಯಾನುವಲ್ಲೇ ಹೇಳಬೇಕು.

ಇನ್ನೊಂದು ವಿಷಯ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿ ಆಫ್ ಮಾಡುವವರ ಗಾಡಿಯಲ್ಲಿ ರೀಜನರೇಶನ್ ಅರ್ಧಕ್ಕೇ ನಿಲ್ಲುತ್ತದೆ. ಆಗ ಡಿಪಿಎಫ್ ಬಿಸಿ ಮಾಡಲು ಹೆಚ್ಚಾಗಿ ಸಿಂಪಡಿಸಿದ ಡೀಸೆಲ್ ಕೆಳಗೆ ಇಳಿದು ಆಯಿಲ್ ಜೊತೆ ಸೇರುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಲೆವೆಲ್ ಹೋದ ತಿಂಗಳಿಗಿಂತ ಮೇಲೆ ಬಂದಿದ್ದು, ಬೆರಳಿಗೆ ನೀರು ನೀರಾಗಿ ತಾಗಿ, ಡೀಸೆಲ್ ವಾಸನೆ ಬಂದರೆ ‘ಆಯಿಲ್ ಕುಡೀತಿಲ್ಲ, ಎಂಜಿನ್ ಗಟ್ಟಿಯಿದೆ’ ಅಂತ ಖುಷಿಪಡಬೇಡಿ. ಕಿಲೋಮೀಟರ್ ಆಗದಿದ್ದರೂ ಆಯಿಲ್ ಬದಲಿಸಬೇಕು. ಬಣ್ಣ ಕಪ್ಪಾಗಿದೆ ಅಂತ ಮಾತ್ರ ಗಾಬರಿ ಬೇಡ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಬೇಗ ಕಪ್ಪಾಗುತ್ತದೆ. ಮಸಿಯನ್ನು ಅಂಟಿಸಿಕೊಳ್ಳದೆ ತೇಲಿಸಿಟ್ಟುಕೊಳ್ಳುವುದೇ ಅದರ ಕೆಲಸ.

ಫುಲ್ ಸಿಂಥೆಟಿಕ್ಕಾ, ಸೆಮಿಯಾ? ಸ್ಟ್ಯಾಂಡರ್ಡ್ ಸರಿಯಿದ್ದರೆ ಅದು ಎರಡನೇ ಮಾತು. ಫುಲ್ ಸಿಂಥೆಟಿಕ್ ಹಾಕಿದೆ ಅಂತ ಮ್ಯಾನುವಲ್ ಹೇಳಿದ್ದಕ್ಕಿಂತ ಎರಡು ಪಟ್ಟು ಓಡಿಸುವುದಂತೂ ಬೇಡವೇ ಬೇಡ. ವರ್ಷಕ್ಕೊಮ್ಮೆ ಅಂತಲೂ ಬರೆದಿದ್ದರೆ, ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಅದು.

ಕೊಳ್ಳುವಾಗ ಬ್ಯಾರೆಲ್‌ನಿಂದ ಅಳೆದು ಕೊಡುವ ಲೂಸ್ ಆಯಿಲ್ ಬೇಡ. ಮುಚ್ಚಳದ ಸೀಲ್ ನೋಡಿ, ತಯಾರಾದ ತಿಂಗಳು ನೋಡಿ, ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ, ಬಿಲ್ ಕೇಳಿ. ಖಾಲಿ ಡಬ್ಬಕ್ಕೆ ಅಲ್ಲೇ ಸ್ಕ್ರೂಡ್ರೈವರ್‌ನಿಂದ ತೂತು ಮಾಡಿಸಿ. ಒಳ್ಳೆ ಕಂಪನಿಯ ಖಾಲಿ ಡಬ್ಬದಲ್ಲಿ ನಕಲಿ ಆಯಿಲ್ ತುಂಬಿ ಮಾರುವವರಿದ್ದಾರೆ.

ಹಾಕುವಾಗ ಎಂಜಿನ್ ಸ್ವಲ್ಪ ಬೆಚ್ಚಗಿರಲಿ, ಹಳೆಯದು ಸಲೀಸಾಗಿ ಇಳಿಯುತ್ತದೆ. ಫಿಲ್ಟರ್ ಹೊಸದು, ಡ್ರೈನ್ ಬೋಲ್ಟಿನ ವಾಷರ್ ಹೊಸದು. ಮ್ಯಾನುವಲ್ ಹೇಳಿದ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಸುರಿದು, ಒಂದು ನಿಮಿಷ ಸ್ಟಾರ್ಟ್ ಮಾಡಿ, ಆಫ್ ಮಾಡಿ, ಸಮತಟ್ಟಾದ ಜಾಗದಲ್ಲಿ ಐದಾರು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಆಮೇಲೆ ಸ್ವಲ್ಪ ಸ್ವಲ್ಪ ಸೇರಿಸಿ. ಮೇಲಿನ ಗೆರೆ ದಾಟಬಾರದು. ಜಾಸ್ತಿಯಾದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ತೀರಾ ಜಾಸ್ತಿಯಾದರೆ ಆಯಿಲ್ ಗಾಳಿಯ ದಾರಿ ಹಿಡಿದು ಒಳಗೆ ಹೋಗಿ, ಕೀ ತೆಗೆದರೂ ಎಂಜಿನ್ ನಿಲ್ಲದೆ ರೇಸ್ ಆಗುವ ಅಪಾಯವೂ ಡೀಸೆಲ್‌ಗಳಲ್ಲಿ ಇದೆ.

ತೆಗೆದ ಹಳೆ ಆಯಿಲನ್ನು ಬೇಲಿ ಕಂಬಕ್ಕೆ ಗೆದ್ದಲು ಹತ್ತದಿರಲಿ ಅಂತ ಬಳಿಯುವ ರೂಢಿ ಹಳ್ಳಿಗಳಲ್ಲಿದೆ. ಅದು ಮಣ್ಣಿಗೂ ಬಾವಿ ನೀರಿಗೂ ಇಳಿಯುತ್ತದೆ. ಚರಂಡಿಗಂತೂ ಬೇಡ. ಸೋರದ ಬೇರೊಂದು ಡಬ್ಬದಲ್ಲಿ ತುಂಬಿ, ಹಳೆ ಆಯಿಲ್ ಒಟ್ಟು ಮಾಡಿ ರೀಸೈಕ್ಲಿಂಗ್‌ಗೆ ಕಳಿಸುವ ಗ್ಯಾರೇಜಿಗೆ ಕೊಟ್ಟುಬಿಡಿ.